ಗುಂಡಕಲ್ಲ ಗಂಗೂ

ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಹನುಮಪ್ಪನ ಗುಡಿಯ ಮುಂದೆ ಒಂದು ದೊಡ್ಡ ಕಲ್ಲು ಬಿದ್ದಿರುತ್ತಿತ್ತು. ಹಿಂದಿನವರು ಯಾರೋ ಹಳ್ಳದಿಂದ ಉರುಳಿಸಿ ತಂದದ್ದಂತೆ. ಕಪ್ಪಗೆ, ನುಣ್ಣಗೆ, ಕೈಗೆ ಎಲ್ಲಿಯೂ ಹಿಡಿತ ಕೊಡದ ಕಲ್ಲು. ಊರವರ ಬಾಯಲ್ಲಿ ಅದು ಗುಂಡಕಲ್ಲು. ಯುಗಾದಿಯ ದಿನ ಹುಡುಗರು ಕೈಗೆ ಬೂದಿ ತಿಕ್ಕಿಕೊಂಡು ಅದನ್ನು ಎತ್ತುವ ಪಂದ್ಯ ಕಟ್ಟುತ್ತಿದ್ದರು. ಒಬ್ಬ ಮೊಣಕಾಲಿನ ತನಕ ತಂದು ಕೈಬಿಟ್ಟರೆ ಇನ್ನೊಬ್ಬ ಎದೆಯ ತನಕ ತರುತ್ತಿದ್ದ. ಹೆಗಲು ದಾಟಿಸಿ ಹಿಂದಕ್ಕೆ ಎಸೆದವನಿಗೆ ಪಟಕ ಸುತ್ತಿ ಊರೆಲ್ಲ ಮೆರೆಸುತ್ತಿದ್ದರು. ಉಳಿದ ದಿನಗಳಲ್ಲಿ ಅದಕ್ಕೊರಗಿ ನಾಯಿ ಮಲಗುತ್ತಿತ್ತು.

ಕಲ್ಲಿನ ಆ ಹೆಸರನ್ನು ಜನ ಮನುಷ್ಯರಿಗೂ ಹಚ್ಚುತ್ತಿದ್ದರು. ಮೈಕೈ ತುಂಬಿಕೊಂಡ ಕೂಸನ್ನು ಎತ್ತಿಕೊಂಡವರು “ಗುಂಡಕಲ್ಲ ಆಗ್ಯಾನಲ್ಲ” ಎಂದು ಮುದ್ದಾಡುವರು. ಜ್ವರದಿಂದ ಎದ್ದವನ ಸುದ್ದಿ ಕೇಳಿದರೆ “ಗುಂಡಕಲ್ಲಿನಂಗ ಅದಾನ” ಎನ್ನುವರು. ದುಡಿಯದೆ ಕಟ್ಟೆಯ ಮೇಲೆ ಹೊತ್ತು ಕಳೆಯುವ ಸೋಮಾರಿ ಗುಂಡಕಲ್ಲಿನ ಹಾಗೆ ಕೂತವನು. ಹೆಣದ ಮುಂದೆ ಅಳದೆ ನಿಂತವಳ ಬೆನ್ನ ಹಿಂದೆಯೂ ಅದೇ ಮಾತು ಕೇಳಿಬರುತ್ತಿತ್ತು. ಬಯ್ಗುಳವೋ ಹೊಗಳಿಕೆಯೋ ಎನ್ನುವುದು ಆಡಿದವರ ದನಿಯಲ್ಲಿ ಇರುತ್ತಿತ್ತು. ಗಂಗೂ ಸಿದ್ದಿಯ ಬದುಕಿಗೆ ಈ ಮಾತು ಅಂಟಿಕೊಂಡದ್ದು ಅವಳಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ.

ಕಾಡಿನಂಚಿನ ಸಿದ್ದಿ ಸಮುದಾಯದ ಗಂಗೂ ಮತ್ತು ಅವಳ ತಾಯಿ ಊರ ದೊಡ್ಡ ರೈತರೊಬ್ಬರ ಗದ್ದೆಯಲ್ಲಿ ಕೂಲಿಗೆ ಹೋಗುತ್ತಿದ್ದರು. ಆ ವರ್ಷ ಸುಗ್ಗಿ ಮುಗಿದ ಮೇಲೆ ಭತ್ತ ಒಣಹಾಕಲು ಗುಡಿಯ ಮುಂದಿನ ಅಂಗಳವನ್ನು ಸಗಣಿಯಿಂದ ಸಾರಿಸಿದ್ದರು. ಹಿಂದಿನ ಯುಗಾದಿಗೆ ಹುಡುಗರು ಎತ್ತಿ ಬಿಟ್ಟುಹೋದ ಕಲ್ಲು ಸಾರಿಸಿದ ನೆಲದ ನಟ್ಟನಡುವೆ ಕೂತಿತ್ತು. ತಾಯಿ ಬುಟ್ಟಿ ಇಳಿಸಿ, ಗಂಡಸರು ಯಾರಾದರೂ ಇತ್ತ ಬರಲಿ ಎಂದು ಕಾಯತೊಡಗಿದಳು. ಬಿಸಿಲೇರುತ್ತ ಹೋಯಿತು, ಯಾರೂ ಬರಲಿಲ್ಲ. ಗಂಗೂಗೆ ಸಾಕಾಯಿತು. ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಂಡಳು. ಎರಡೂ ತೋಳಿನಿಂದ ತಬ್ಬಿ ಎದ್ದು ನಿಂತು, ಗೋಡೆಯ ತನಕ ಹೊತ್ತು ಒಯ್ದು ಮೆಲ್ಲಗೆ ಇಳಿಸಿ, ಕೈ ಕೊಡವಿಕೊಂಡು ಭತ್ತ ಹರವಲು ಬಂದಳು. ಅವಳಿಗೆ ಅದು ದಾರಿಗಡ್ಡ ಇದ್ದ ಒಂದು ಕಲ್ಲು, ಅಷ್ಟೇ.

ಗುಡಿಯ ಕಟ್ಟೆಯ ಮೇಲಿದ್ದ ಮುದುಕರು ನೋಡಿದ್ದರು. “ಸಿದ್ದ್ಯಾರ ಹುಡುಗಿ ಗುಂಡಕಲ್ಲ ಎತ್ತಿದಳು” ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹರಡಿತು. ಕೆಲವರು ಅವಳನ್ನು ನೋಡಲೆಂದೇ ಅಂಗಳಕ್ಕೆ ಬಂದು ಹೋದರು. ಮರುದಿನ ಬೆಳಿಗ್ಗೆ ತಾಯಿ ಮಗಳು ಬಂದಾಗ ಗುಡಿಯ ಹುಡುಗರು ಕಲ್ಲಿನ ಮೇಲೆ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ಅರಿಷಿಣದ ನೀರು ಗೋಡೆಯ ಬುಡದಲ್ಲಿ ಹಳದಿಯಾಗಿ ನಿಂತಿತ್ತು. ತೊಳೆಯುವುದು ಯಾಕೆ ಎಂದು ಗಂಗೂ ಕೇಳಲಿಲ್ಲ. ತಾಯಿ ಬುಟ್ಟಿ ಇಳಿಸುತ್ತ, “ಇನ್ನ ಮ್ಯಾಲ ಅದರ ತಂಟಿಗೆ ಹೋಗಬ್ಯಾಡ” ಎಂದಳು. ಅಷ್ಟರ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಊರು ಮಾತ್ರ ಅವಳನ್ನು ಗುಂಡಕಲ್ಲ ಗಂಗೂ ಎಂದೇ ಕರೆಯತೊಡಗಿತು.

ಅವಳನ್ನು ಮದುವೆಯಾದ ಪೆದ್ರು ಹಳಿಯಾಳ ತಾಲೂಕಿನವನು. ಅವನೂ ಸಿದ್ದಿ, ಆದರೆ ಇಗರ್ಜಿಗೆ ಹೋಗುವ ಕ್ರೈಸ್ತ ಮನೆಯವನು. ಇಬ್ಬರ ಮನೆಯಲ್ಲೂ ಮೊದಲು ಮುಖ ತಿರುಗಿಸಿದರು, ಆಮೇಲೆ ಒಪ್ಪಿದರು. ಪೆದ್ರು ಮಾತು ಕಡಿಮೆಯ ಮನುಷ್ಯ. ದಾಂಡೇಲಿಯಲ್ಲಿ ಲಾರಿಗೆ ಬಿದಿರು ಏರಿಸುವ ಕೆಲಸ ಸಿಕ್ಕಿತ್ತು. ಗಂಡ ಹೆಂಡತಿ ಅಂಬೇವಾಡಿಯ ಅಂಚಿನಲ್ಲಿ ಒಂದು ಕೋಣೆಯ ಮನೆ ಹಿಡಿದರು. ಪಕ್ಕದ ಮನೆ ಮಾಲವ್ವನದು. ಧಾರವಾಡ ಜಿಲ್ಲೆಯವಳು. ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ನೌಕರಿ ಆದಾಗ ಬಂದು ಇಲ್ಲೇ ನೆಲೆಯೂರಿದ್ದಳು. ಗಂಗೂ ಬಂದ ವಾರದಲ್ಲೇ ಮಾಲವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಹಿಡಿದುಕೊಂಡು ಬಂದು, “ತಂಗಿ, ಏನರೆ ಬೇಕಾದ್ರ ಗ್ವಾಡಿ ಬಡಿ, ನಾ ಇಲ್ಲೇ ಇರ್ತೇನಿ” ಎಂದಿದ್ದಳು. ಇಬ್ಬರೂ ನಲ್ಲಿಯ ಹತ್ತಿರ, ಸಂತೆಯಲ್ಲಿ, ಹಿತ್ತಿಲ ಬೇಲಿಯ ಮೇಲೆ ದಿನವೂ ಮಾತಾಡುವ ಗೆಳತಿಯರಾದರು.

ದಾಂಡೇಲಿಯಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಗಂಗೂ ಕಟ್ಟಡದ ಕೆಲಸಕ್ಕೆ ಸೇರಿದಳು. ಬುನಾದಿಗೆ ಹಾಕುವ ಕಲ್ಲನ್ನು ಉಳಿದ ಹೆಂಗಸರು ಇಬ್ಬರು ಸೇರಿ ಎತ್ತುತ್ತಿದ್ದರೆ ಗಂಗೂ ಒಬ್ಬಳೇ ಹೆಗಲಿಗೇರಿಸಿಕೊಳ್ಳುತ್ತಿದ್ದಳು. ಅವಳ ಅಡ್ಡಹೆಸರು ಚಿಗಳ್ಳಿಯಿಂದ ಇಲ್ಲಿಗೂ ಹೇಗೋ ಬಂದುಬಿಟ್ಟಿತ್ತು. ಹೊಸಬರು ಬಂದಾಗಲೆಲ್ಲ ಮೇಸ್ತ್ರಿ ಅವಳನ್ನು ತೋರಿಸಿ, “ಈಕಿ ನೋಡ್ರಿ ನಮ್ಮ ಗುಂಡಕಲ್ಲು” ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಗಂಗೂಗೆ ಅದು ಹಿಡಿಸಿತ್ತು. ಚಿಗಳ್ಳಿಯಲ್ಲಿ ಅವಳು ಮುಟ್ಟಿದ ಕಲ್ಲನ್ನು ತೊಳೆದಿದ್ದರು. ಇಲ್ಲಿ ಅವಳು ಮುಟ್ಟಿದ ಕಲ್ಲಿನ ಮೇಲೆ ಗೋಡೆ ಏಳುತ್ತಿತ್ತು, ನಾಲ್ಕು ಜನ ಮೆಚ್ಚುತ್ತಿದ್ದರು. ಬೆನ್ನು ನೋಯುತ್ತಿದ್ದರೂ ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಬಸುರಾದಾಗಲೂ ಅವಳು ಕೆಲಸ ಬಿಡಲಿಲ್ಲ. ತಿಂಗಳು ತುಂಬುತ್ತ ಬಂದಂತೆ ಪಾದ ಬಾತವು. ಬೆಳಿಗ್ಗೆ ಮುಖ ತೊಳೆಯುವಾಗ ಕೆನ್ನೆ ತನ್ನದಲ್ಲ ಅನ್ನಿಸುತ್ತಿತ್ತು. ಆಮೇಲೆ ತಲೆನೋವು ಹತ್ತಿತು. ಹಣೆಯ ಒಳಗೆ ಯಾರೋ ಉಳಿ ಇಟ್ಟು ಹೊಡೆದ ಹಾಗೆ. ಮೇಸ್ತ್ರಿಗೆ ಒಮ್ಮೆ ಹೇಳಿದಳು. ಅವನು ನಕ್ಕು, “ನಿನಗ ತಲಿನೋವ? ನಿನ್ನ ಕಂಡು ನಮಗ ತಲಿನೋವ ಬರಬೇಕ” ಎಂದ. ಸುತ್ತಲಿನವರು ನಕ್ಕರು, ಅವಳೂ ನಕ್ಕಳು. ಸಂಜೆ ಮಾಲವ್ವನಿಗೂ ಹೇಳಿದಳು. ಮಾಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕತ್ತೆತ್ತಿ ಪ್ರೀತಿಯಿಂದಲೇ ಅಂದಳು: “ಚೊಚ್ಚಲ ಅಲ್ಲೇನು, ಹಂಗ ಅನಸ್ತೈತಿ. ನಿನಗೇನ ಆಗೂದೈತಿ ತಂಗಿ, ಗುಂಡಕಲ್ಲ ಇದ್ದಂಗ ಅದಿ.”

ಗಂಗೂಗೆ ಆ ಮಾತು ಸಮಾಧಾನ ತಂದಿತು. ಹೌದಲ್ಲ, ನನಗೇನಾಗುತ್ತದೆ ಎಂದುಕೊಂಡು ಮರುದಿನವೂ ಕೆಲಸಕ್ಕೆ ಹೋದಳು. ಮೂರನೆಯ ದಿನ ಮರಳಿನ ಗುಡ್ಡೆಯ ಹತ್ತಿರ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಜೊತೆಯ ಹೆಂಗಸರು ಆಸ್ಪತ್ರೆಗೆ ಸೇರಿಸಿದರು. ಅವಳಿಗೆ ಪೂರಾ ಎಚ್ಚರ ಬಂದಾಗ ಹೊಟ್ಟೆ ಖಾಲಿಯಾಗಿತ್ತು. ಗಂಡು ಕೂಸು, ಹುಟ್ಟುವ ಮೊದಲೇ ತೀರಿಕೊಂಡಿತ್ತು. “ತಲೆ ನೋಯ್ತಿರಲಿಲ್ಲವಾ? ಮೊದಲೇ ಯಾಕೆ ಬರಲಿಲ್ಲ?” ಎಂದು ವೈದ್ಯೆ ಕೇಳಿದಳು. ತಲೆನೋವನ್ನು ಗಂಗೂ ಇಬ್ಬರಿಗೆ ಹೇಳಿದ್ದಳು, ಆದರೆ ನಗುತ್ತ ಹೇಳಿದ್ದಳು.

ಕೂಸನ್ನು ಪೆದ್ರು ಬಟ್ಟೆಯಲ್ಲಿ ಸುತ್ತಿಕೊಂಡು ತನ್ನ ಊರಿಗೆ ಒಯ್ದು, ಮನೆಯ ಹಿಂದಿನ ಮತ್ತಿಮರದ ಬುಡದಲ್ಲಿ ಮಣ್ಣು ಮಾಡಿ ಬಂದ. ಗಂಗೂ ಮನೆಗೆ ಬಂದಳು. ಓಣಿಯ ಹೆಂಗಸರು ಬಂದು ಸುತ್ತ ಕೂತರು, ಕಣ್ಣೊರೆಸಿಕೊಂಡರು. ಅವಳು ಗೋಡೆಗೊರಗಿ ಕೂತವಳು ಅಲುಗಲಿಲ್ಲ, ಒಂದು ಹನಿ ನೀರೂ ಇಳಿಯಲಿಲ್ಲ. ಹೊಸಿಲು ದಾಟುವಾಗ ಯಾರೋ ಇನ್ನೊಬ್ಬಳ ಕಿವಿಯಲ್ಲಿ, “ಹೆತ್ತ ಕರುಳಂತ ಅಂತೀವಿ, ಈಕಿ ನೋಡ ಗುಂಡಕಲ್ಲಿನಂಗ ಕುಂತಾಳ” ಎಂದದ್ದು ಕೇಳಿಸಿತು. ಗಂಗೂಗೂ ಕೇಳಿಸಿತು, ಅವಳ ಪಕ್ಕದಲ್ಲಿದ್ದ ಮಾಲವ್ವನಿಗೂ.

ಎಲ್ಲರೂ ಹೋದ ಮೇಲೆ ಮಾಲವ್ವ ಒಬ್ಬಳೇ ಉಳಿದಳು. ಸೆರಗಿನ ತುದಿ ತಿರುವುತ್ತ ಅಂದಳು, “ಆ ಮಾತ ನಾನೂ ಆಡಿದ್ದೆ ತಂಗಿ. ನೀ ತಲಿ ನೋಯ್ತೈತಿ ಅಂದಾಗ ಕೈ ಹಿಡದ ದವಾಖಾನಿಗೆ ಕರಕೊಂಡ ಹೋಗೂದ ಬಿಟ್ಟು ಆ ಮಾತ ಆಡಿದೆ.” ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

“ನೀವೊಬ್ಬರ ಅಂದಿದ್ದಲ್ಲ ಅಕ್ಕಾ” ಎಂದಳು ಗಂಗೂ. “ಎಲ್ಲಾರೂ ಅಂದ್ರು. ನಾನೂ ಹಂಗ ಅಂದ್ಕೊಂಡೆ.”

ಆಮೇಲೆ ಮಾಲವ್ವನ ಬಾಯಲ್ಲಿ ಆ ಮಾತು ಯಾರ ಬಗೆಗೂ ಬಂದದ್ದನ್ನು ಗಂಗೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಗಂಗೂ ಮತ್ತೆ ಬಸುರಾದಳು. ಆಗ ಆಸ್ಪತ್ರೆಯವರು ಬಾ ಎಂದ ದಿನವೆಲ್ಲ ಮಾಲವ್ವ ತನ್ನ ಮನೆಗೆಲಸ ಬದಿಗಿಟ್ಟು ಅವಳ ಜೊತೆ ಹೋಗಿ ಬೆಂಚಿನ ಮೇಲೆ ಕೂತಳು. ಹೆರಿಗೆಯ ಹೊತ್ತಿನಲ್ಲಿ ಗಂಗೂ ಕಟ್ಟಡ ಹಾರುವಂತೆ ಕೂಗಿದಳು. “ಇಷ್ಟ ಗಟ್ಟಿ ಹೆಂಗಸು ಇಷ್ಟ ಒದರ್ತಾಳಲ್ಲ” ಎಂದು ಆಯಾ ಗೊಣಗಿದಾಗ ಮಾಲವ್ವ ಬಾಗಿಲಿನಿಂದಲೇ, “ಒದರ್ಲಿ ಬಿಡ್ರಿ, ನೋಯ್ತೈತಿ ಆಕಿಗೆ” ಎಂದಳು. ಹಾಗೆ ಹುಟ್ಟಿದವನು ಕೆವಿನ್.

ಕೆವಿನ್ ಬೆಳೆದು ಕಾಳಿನದಿಯಲ್ಲಿ ಪ್ರವಾಸಿಗರನ್ನು ರಬ್ಬರಿನ ದೋಣಿಯಲ್ಲಿ ಕರೆದೊಯ್ಯುವ ಕೆಲಸಕ್ಕೆ ಸೇರಿದ. ಹಳಿಯಾಳದ ಕಡೆಯ ಲೀನಾಳನ್ನು ಮೆಚ್ಚಿ ಮದುವೆಯಾದ. ಲೀನಾ ಚಿಕ್ಕಂದಿನಿಂದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದು ಕುಸ್ತಿ ಕಲಿತ ಹುಡುಗಿ. ಊರೂರಿಗೆ ಹೋಗಿ ಕಣದಲ್ಲಿ ಗೆದ್ದು ಬಂದವಳು. ಎತ್ತರದ ಆಳು, ಅಗಲ ಹೆಗಲು, ಕಡಿಮೆ ಮಾತು. ಅತ್ತೆಯನ್ನು ತಮ್ಮ ಕೊಂಕಣಿಯ ರೂಢಿಯಂತೆ ‘ಮಾಂಯ್’ ಎಂದು ಕರೆಯುತ್ತಿದ್ದಳು. ಒಮ್ಮೆ ಅಡುಗೆಮನೆಯಲ್ಲಿ ಕುದಿಯುವ ಎಣ್ಣೆ ಕೈಮೇಲೆ ಸಿಡಿದಾಗ ಅವಳು ಹಲ್ಲು ಕಚ್ಚಿ ನಿಂತದ್ದನ್ನು ಕಂಡು ಗಂಗೂ, “ಅವ್ವಾ ಅನ್ನಬಾರದೇನ?” ಎಂದು ಕೇಳಿದ್ದಳು. “ನೋವು ಮುಖದ ಮ್ಯಾಲ ಬಂತಂದ್ರ ಎದುರಿನಾಕಿ ಅಲ್ಲೇ ಹಿಡೀತಾಳ ಮಾಂಯ್. ನಮಗ ಹಂಗ ಕಲಿಸ್ಯಾರ” ಎಂದಿದ್ದಳು ಲೀನಾ. ಗಂಗೂ ಅವಳ ಕೈಗೆ ತಣ್ಣೀರು ಹಾಕಿದ್ದಳು.

ಹೋದ ಮಳೆಗಾಲ ಕಳೆದ ಮೇಲೆ ಲೀನಾಳಿಗೆ ಏಳು ತಿಂಗಳು ತುಂಬಿತ್ತು. ಮಾಲವ್ವನಿಗೆ ಈಗ ವಯಸ್ಸಾಗಿದೆ, ಗಂಡ ತೀರಿಕೊಂಡಿದ್ದಾನೆ, ಮಗ ದುಂಡೇಶ ಬಾಡಿಗೆಗೆ ವ್ಯಾನು ಓಡಿಸುತ್ತಾನೆ. “ಗಂಗೂನ ಸೊಸಿ ನನ್ನ ಸೊಸಿ ಇದ್ದಂಗ, ಕುಬಸ ನಮ್ಮ ಕಡೀ ಪದ್ಧತಿಲೆ ನಾನ ಮಾಡ್ತೇನಿ” ಎಂದು ಅವಳು ಸೀಮಂತಕ್ಕೆ ಹಟ ಹಿಡಿದಳು. ಒಂದು ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಗಂಗೂನ ಮನೆಯಲ್ಲಿ ಓಣಿಯ ಹೆಂಗಸರು ಸೇರಿದರು. ಲೀನಾಳಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದರು. ಕೆವಿನ್ ನದಿಗೆ ಹೋಗಿದ್ದ, ಮಧ್ಯಾಹ್ನದ ಊಟಕ್ಕೆ ಬರುವವನಿದ್ದ.

ಬಳೆ ತೊಡಿಸಲು ಸಕ್ಕುಬಾಯಿ ಬಂದಿದ್ದಳು. ಬಳೆಗಾರ್ತಿ ಸಕ್ಕುಬಾಯಿಯ ಕೈಗೆ ಸಿಕ್ಕ ಬಳೆ ಎಂಥ ಒರಟು ಕೈಗೂ ಏರುತ್ತದೆ ಎಂಬ ಮಾತಿತ್ತು. ಅವಳು ಲೀನಾಳ ಕೈಗೆ ಎಣ್ಣೆ ಹಚ್ಚಿ, ಹೆಬ್ಬೆರಳನ್ನು ಒತ್ತಿ, ಹಸಿರು ಬಳೆಯನ್ನು ಏರಿಸಲು ನೋಡಿದಳು. ಏರಲಿಲ್ಲ. ಇನ್ನೂ ದೊಡ್ಡ ಅಳತೆಯದನ್ನು ತೆಗೆದಳು. ಅದೂ ಗೆಣ್ಣಿನ ಹತ್ತಿರ ನಿಂತು ಚಟ್ಟನೆ ಒಡೆಯಿತು.

“ಹೋದ ತಿಂಗಳ ನಾನ ಅಳತಿ ತೊಗೊಂಡಿದ್ದೆ” ಎಂದಳು ಸಕ್ಕುಬಾಯಿ, ಚೂರುಗಳನ್ನು ಆಯುತ್ತ. “ಈ ಹುಡುಗಿ ಮೈಯಾಗ ಏನ ತುಂಬೈತಿ!”

“ಅತ್ತಿ ಗುಂಡಕಲ್ಲು, ಸೊಸಿ ಅದಕ್ಕಿಂತ ದೊಡ್ಡ ಗುಂಡಕಲ್ಲು” ಎಂದಳು ಹಿಂದೆ ಕೂತವಳೊಬ್ಬಳು. “ಇಂಥಾಕಿಗೆ ಹೆರಿಗಿ ಅನ್ನೂದು ಸೀನಿದಂಗ.” ಎಲ್ಲರೂ ನಕ್ಕರು. ಲೀನಾಳ ತುಟಿಯೂ ನಗುವಿನ ಕಡೆಗೆ ತಿರುಗಿತು.

ಗಂಗೂ ನೋಡುತ್ತಿದ್ದದ್ದು ಸೊಸೆಯ ಮುಂಗೈಯನ್ನು. ಸಕ್ಕುಬಾಯಿ ಒತ್ತಿ ಹಿಡಿದ ಕಡೆ ಬೆರಳಿನ ಗುರುತು ಕುಳಿಯಾಗಿ ಉಳಿದುಬಿಟ್ಟಿತ್ತು, ಮೇಲೇಳಲಿಲ್ಲ. ಅವಳು ಎದ್ದು ಬಂದು ಮಣೆಯ ಮುಂದೆ ಕೂತು, ಲೀನಾಳ ಪಾದವನ್ನು ಸೀರೆಯ ಅಂಚಿನಿಂದ ಹೊರಗೆ ತೆಗೆದು ಹೆಬ್ಬೆರಳಿನಿಂದ ಒತ್ತಿದಳು. ಅಲ್ಲಿಯೂ ಕುಳಿ.

“ತಲಿ ನೋಯ್ತೈತೇನ?”

“ಏನಿಲ್ಲ ಮಾಂಯ್.”

“ನನ್ನ ಮುಖ ನೋಡಿ ಹೇಳ.”

ಲೀನಾ ಅತ್ತೆಯ ಮುಖ ನೋಡಿದಳು. ಸುತ್ತಲಿನ ಹೆಂಗಸರ ಮಾತು ನಿಂತಿರಲಿಲ್ಲ. ಅವಳು ತಗ್ಗಿದ ದನಿಯಲ್ಲಿ, “ನಿನ್ನೆಯಿಂದ ನೋಯ್ತೈತಿ. ಕಣ್ಣ ಮುಂದ ಮಿಂಚಿನ ಹುಳ ಹಾರ್ಯಾಡಿದಂಗ ಆಗ್ತೈತಿ. ನಿಮ್ಮ ಮುಖ ಅರ್ಧ ಕಾಣ್ಸವಲ್ಲದು” ಎಂದಳು.

ಗಂಗೂ ಎದ್ದು ನಿಂತಳು. ಸೊಸೆಯ ತೋಳು ಹಿಡಿದಳು. “ಸಾಕು. ಏಳ, ದವಾಖಾನಿಗೆ ಹೋಗೂಣು.”

ಹೆಂಗಸರು ಗಲಿಬಿಲಿಗೊಂಡರು. ಉಡಿ ತುಂಬಿಲ್ಲ, ಆರತಿ ಆಗಿಲ್ಲ, ನಡುವೆ ಎಬ್ಬಿಸಿದರೆ ಒಳ್ಳೆಯದಲ್ಲ ಎಂದರು ಕೆಲವರು. ನಾಳೆ ಸೋಮವಾರ ಹೇಗೂ ತೋರಿಸಬಹುದಲ್ಲ ಎಂದರು. “ಇಂಥಾ ಗಟ್ಟಿ ಹುಡುಗಿಗೆ ಅಷ್ಟ್ಯಾಕ ಹೆದರ್ತಿ ಗಂಗವ್ವ” ಎಂದಳು ಮೊದಲು ನಗಿಸಿದವಳು. ಆರತಿಯ ತಟ್ಟೆ ಮಾಲವ್ವನ ಕೈಯಲ್ಲಿತ್ತು, ಬತ್ತಿ ಹೊತ್ತಿಸಿ ಆಗಿತ್ತು. ಮಾಲವ್ವ ತಟ್ಟೆಯನ್ನು ನೆಲಕ್ಕಿಟ್ಟು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ ಓಣಿಯ ಕಡೆಗೆ ಕೂಗಿದಳು, “ದುಂಡೇಶಾ, ಗಾಡಿ ತಗಿ. ಈಗಿಂದೀಗ.”

ಆಸ್ಪತ್ರೆಯ ಬಾಗಿಲಲ್ಲಿ ಲೀನಾ ತಾನಾಗಿಯೇ ವ್ಯಾನಿನಿಂದ ಇಳಿದು ನೆಟ್ಟಗೆ ನಡೆದು ಒಳಗೆ ಹೋದಳು. ಭಾನುವಾರವಾದರೂ ಮಂದಿ ಇದ್ದರು. ಹಸಿರು ಸೀರೆ ಉಟ್ಟು ಹೂ ಮುಡಿದ ಗಟ್ಟಿಮುಟ್ಟಿನ ಬಸುರಿಯನ್ನು ನೋಡಿ ನರ್ಸು, “ನೋವು ಶುರುವಾಗಿಲ್ಲವಲ್ಲ, ಅಲ್ಲಿ ಕೂಡ್ರಿ, ಕರೀತೀನಿ” ಎಂದಳು. ಗಂಗೂ ಕೂಡಲಿಲ್ಲ.

“ಈಕಿ ಅಳೂದಿಲ್ಲ ಅಕ್ಕಾರ. ಅಳಬಾರದಂತ ಕಲ್ತಾಳ. ಅಳವಲ್ಲಳು ಅಂದ್ರ ನೋವಿಲ್ಲ ಅಂತ ತಿಳೀಬ್ಯಾಡ್ರಿ” ಎಂದಳು. “ನಾನೂ ಹಿಂಗ ಇದ್ದೆ. ನನ್ನ ಕೂಸು ಹೋತು.”

ನರ್ಸು ಒಂದು ಗಳಿಗೆ ಅವಳ ಮುಖ ನೋಡಿದಳು. ಲೀನಾಳನ್ನು ಒಳಗೆ ಮಲಗಿಸಿ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಎರಡನೆಯ ಸಲ ಸುತ್ತಿ ನೋಡಿ ಓಡುತ್ತಲೇ ಡಾಕ್ಟರನ್ನು ಕರೆದುಕೊಂಡು ಬಂದಳು. ಆಮೇಲೆ ಎಲ್ಲವೂ ಬೇಗಬೇಗನೆ ಆಯಿತು. ಸೂಜಿ ಕೊಟ್ಟರು. ಧಾರವಾಡಕ್ಕೆ ಒಯ್ಯಬೇಕು, ಇಲ್ಲಿ ಆಗುವುದಿಲ್ಲ ಎಂದರು. ಆಂಬುಲೆನ್ಸಿನಲ್ಲಿ ಲೀನಾಳ ತಲೆಯ ಹತ್ತಿರ ಗಂಗೂ ಕೂತಳು. ಹಳಿಯಾಳ ದಾಟಿದ ಮೇಲೆ ಲೀನಾಳ ಕಣ್ಣು ಮೇಲಕ್ಕೆ ಹೋಗಿ, ಮೈ ಬಿಲ್ಲಿನಂತೆ ಸೆಟೆದು ಅದುರತೊಡಗಿತು. ಜೊತೆಗಿದ್ದ ಆಸ್ಪತ್ರೆಯವನು ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡ. ಎಂಥೆಂಥ ಭಾರ ಹೊತ್ತ ಗಂಗೂನ ತೋಳಿಗೆ ಆ ಗಳಿಗೆಯಲ್ಲಿ ಮಾಡಲು ಏನೂ ಇರಲಿಲ್ಲ. ಸೊಸೆಯ ಪಾದವನ್ನು ಹಿಡಿದುಕೊಂಡು ಅವಳ ಹೆಸರು ಕರೆಯುತ್ತ ಕೂತಳು.

ಧಾರವಾಡ ಮುಟ್ಟಿದ ಕೂಡಲೇ ಆಪರೇಷನ್ ಮಾಡಿದರು. ಹೆಣ್ಣು ಕೂಸು, ಅಂಗೈ ಮೇಲೆ ಹಿಡಿಯುವಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಬದುಕುತ್ತದೆಯೇ ಎಂದು ಕೇಳಿದರೆ ನೋಡೋಣ ಎಂದರು. ಲೀನಾಳಿಗೆ ಎಚ್ಚರ ಬಂದಿರಲಿಲ್ಲ. ಕೆವಿನ್ ನದಿಯ ಬಟ್ಟೆಯಲ್ಲೇ ಬಂದಿದ್ದ. ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತವನು ಅಲ್ಲಿಂದ ಕದಲಲಿಲ್ಲ. ಪೆದ್ರು ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಬಂದ. ಗಂಡ ಹೆಂಡತಿ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಬೇವಿನಮರದ ಕೆಳಗೆ ಕೂತರು. ಅವನು ತಂದ ಚಹಾ ಆರಿಹೋಗುತ್ತಿತ್ತು.

ಅಲ್ಲಿ, ಹಾಡು ಹಗಲಲ್ಲಿ, ಜನ ಓಡಾಡುವ ಜಾಗದಲ್ಲಿ, ಗಂಗೂ ಅತ್ತಳು. ಮೊದಲು ಸದ್ದಿಲ್ಲದೆ, ಆಮೇಲೆ ಎದೆಯ ತಳದಿಂದ ದನಿ ಎದ್ದು ಬಂತು. ಹೋಗುವವರು ನಿಂತು ನೋಡಿದರು. ಕಾವಲಿನವನು ಹತ್ತಿರ ಬಂದು, “ಯಾರರ ತೀರಕೊಂಡ್ರೇನ್ರಿ?” ಎಂದು ಕೇಳಿದ.

“ಹೌದ್ರಿ” ಎಂದ ಪೆದ್ರು. “ಬಾಳ ವರ್ಷ ಆತು.”

ಕಾವಲಿನವನು ತಿಳಿಯದೆ ತಲೆಯಾಡಿಸಿ ಹೋದ. ಅಳು ಇಳಿಯುವ ತನಕ ಪೆದ್ರು ಅವಳ ಬೆನ್ನು ಸವರಿದ. ಆಮೇಲೆ ನೆಲ ನೋಡುತ್ತಲೇ, “ಮಣ್ಣ ಮಾಡೂ ಮುಂದ ಅವಗ ಒಂದ ಹೆಸರ ಇಟ್ಟಿದ್ದೆ” ಎಂದ. “ಹೆಸರಿಲ್ಲದ ಹೆಂಗ ಕಳಸೂದು ಅನಿಸ್ತು. ಅಂತೋನ ಅಂತ ಕರದೆ. ನಮ್ಮಪ್ಪನ ಹೆಸರು.”

ಗಂಗೂ ಅವನ ಕಡೆ ತಿರುಗಿದಳು. “ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?”

“ನೀ ಅಳಲಿಲ್ಲ. ತಡಕೊಂಡೀ, ನಾನ ಯಾಕ ಕೆದಕಲಿ ಅಂದ್ಕೊಂಡೆ. ನನಗ ತಡ್ಯಾಕ ಆಗಿರಲಿಲ್ಲ. ಮತ್ತಿಮರದ ಬುಡಕ ಕುಂತು ಒಬ್ಬನ ಅತ್ತು ಬಂದಿದ್ದೆ.”

ಗಂಗೂ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದಳು. ಅಷ್ಟು ವರ್ಷ ಅವಳ ಮನಸ್ಸಿನಲ್ಲಿ ಅದು ‘ಆ ಕೂಸು’ ಆಗಿತ್ತು. ಪೆದ್ರು ತಣ್ಣಗಾದ ಚಹಾ ಚೆಲ್ಲಿ ಬೇರೆ ತರಲು ಹೋದ.

ಲೀನಾಳಿಗೆ ಎಚ್ಚರವಾದದ್ದು ಅದರ ಮರುದಿನ. ನೋಡಲು ಬಿಟ್ಟಾಗ ಗಂಗೂ ಹಾಸಿಗೆಯ ಹತ್ತಿರ ಹೋಗಿ ನಿಂತಳು. ಲೀನಾಳ ತುಟಿ ಒಣಗಿ ಬಿರಿದಿತ್ತು. “ಮಾಂಯ್, ಹೊಟ್ಟಿ ಬಾಳ ನೋಯ್ತೈತಿ” ಎಂದು ಹೇಳಿ ಅತ್ತಳು. ಗಂಗೂ ನರ್ಸನ್ನು ಕರೆದಳು. ಸೊಸೆ ಅಷ್ಟು ಅಂದದ್ದೇ ಅವಳಿಗೆ ದೊಡ್ಡ ನೆಮ್ಮದಿಯಾಯಿತು.

ಕೂಸು ಬಹಳ ದಿನ ಪೆಟ್ಟಿಗೆಯಲ್ಲೇ ಇತ್ತು. ಒಂದು ಸಲ ಉಸಿರು ನಿಂತು ಎಲ್ಲರೂ ಆಸೆ ಬಿಟ್ಟಿದ್ದರು, ಅದು ಮತ್ತೆ ಉಸಿರು ಹಿಡಿಯಿತು. ಕ್ರಿಸ್ಮಸ್ ಕಳೆದ ಮೇಲೆ ಅಂಬೇವಾಡಿಗೆ ಕರೆತಂದರು. ಮಾಲವ್ವ ಹೊಸಿಲಲ್ಲಿ ನಿಂತು ಆರತಿ ಮಾಡಿ ಒಳಗೆ ಕರೆದುಕೊಂಡಳು. ಓಣಿಯವರೆಲ್ಲ ನೋಡಲು ಬಂದರು, ಸಕ್ಕುಬಾಯಿಯೂ ಬಂದಳು. ಕರಿಮಣಿಯ ಪುಟ್ಟ ಬಳೆ ತಂದು ಕೂಸಿನ ಕೈಗೆ ತೊಡಿಸಿ, ಕೆನ್ನೆ ಸವರಿ ಲಟಿಕೆ ಮುರಿದು, ಹಿರಿಯರು ಹರಸುವ ಹಾಗೆ “ಗುಂಡಕಲ್ಲಿನಂಗ ಆಗಲಿ ನನ್ನವ್ವ” ಎಂದಳು. ಅಂದವಳೇ ಗಂಗೂನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಗಂಗೂಗೆ ಸಿಟ್ಟು ಬರಲಿಲ್ಲ. ಮೈಕೈ ತುಂಬಿ ಬೆಳೆಯಲಿ ಎಂಬುದಷ್ಟೇ ಆ ಮಾತಿನ ಅರ್ಥ ಎಂದು ಅವಳಿಗೂ ಗೊತ್ತಿತ್ತು. “ಆಗಲಿ ಸಕ್ಕುಬಾಯಿ” ಎಂದಳು. “ಆದ್ರ ಅತ್ತಾಗ ಎತ್ಕೊಳ್ರಿ. ಅಷ್ಟ ನೆನಪಿಡ್ರಿ.”

ಈಗ ಗಂಗೂ ಕಟ್ಟಡದ ಕೆಲಸಕ್ಕೆ ಹೋಗುವುದಿಲ್ಲ. ಬೆನ್ನು ಒಪ್ಪುವುದಿಲ್ಲ, ಅದನ್ನು ಕೇಳಿದವರಿಗೆಲ್ಲ ಹೇಳುತ್ತಾಳೆ. ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಳ್ಳುತ್ತಾಳೆ. ಲೀನಾ ಊರಿನ ಹುಡುಗಿಯರಿಗೆ ಸಂಜೆ ಕುಸ್ತಿ ಕಲಿಸಲು ಶುರು ಮಾಡಿದ್ದಾಳೆ. ಆಸ್ಪತ್ರೆಯಲ್ಲಿ ಬಸುರಿಯರನ್ನು ನೋಡುವ ದಿನ ಓಣಿಯ ಯಾವಳಾದರೂ ಒಬ್ಬಳೇ ಹೊರಟಿದ್ದರೆ ಗಂಗೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೋಗುತ್ತಾಳೆ. ಹೋಗು ಎಂದು ಅವಳಿಗೆ ಯಾರೂ ಹೇಳಿಲ್ಲ. ಸಿದ್ದಿಯರು, ಧಾರವಾಡದ ಕಡೆಯವರು, ಎದುರುಮನೆಯ ಜುಬೇರನ ಹೆಂಡತಿ, ಯಾರಾದರೂ ಸರಿ.

ಹೋದ ವಾರ ಅವಳ ಜೊತೆ ಹೋದವಳು ದಾನೇಶ್ವರಿ ಎಂಬ ಎಳೆಯ ಹುಡುಗಿ. ಮದುವೆಯಾಗಿ ವರ್ಷವೂ ಆಗಿಲ್ಲ. ಬೆಂಚಿನ ಮೇಲೆ ಕೂತು ಸರದಿ ಕಾಯುವಾಗ ಗಂಗೂ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, “ಎಲ್ಲೆರ ನೋಯ್ತೈತೇನ ಮಗಳ?” ಎಂದು ಕೇಳಿದಳು. ಹುಡುಗಿ ಇಲ್ಲ ಎಂದು ನಕ್ಕಳು. ಗಂಗೂ ಕೈ ಬಿಡಲಿಲ್ಲ, ಅವಸರ ಮಾಡಲಿಲ್ಲ. ಒಳಗಿನಿಂದ ಬೇರೆ ಯಾರದೋ ಹೆಸರು ಕೂಗಿದರು. 

ಸ್ವಲ್ಪ ಹೊತ್ತಿನ ಮೇಲೆ ದಾನೇಶ್ವರಿ ನಗುವುದನ್ನು ನಿಲ್ಲಿಸಿ, “ಸೊಂಟ ನೋಯ್ತೈತ್ರಿ, ಮನ್ಯಾಗ ಹೇಳಿಲ್ಲ” ಎಂದಳು.

“ಒಳಗ ಹೋದಾಗ ಮದಲ ಅದನ್ನ ಹೇಳ” ಎಂದಳು ಗಂಗೂ, ಅವಳಿಗೆ ಒರಗಿಕೊಳ್ಳಲು ಜಾಗ ಮಾಡಿಕೊಡುತ್ತ.